ಎರಡು ಸರ್ವ್‌ಗಳ ನಡುವಿನ ಮಾತು

2025ರಲ್ಲಿ ವಿಂಬಲ್ಡನ್ ಸಿಂಗಲ್ಸ್ ಫೈನಲ್‌ಗಳ ಹೊತ್ತು ಬದಲಾಯಿತು. ಲಂಡನ್ನಿನಲ್ಲಿ ಮಧ್ಯಾಹ್ನ 2 ಗಂಟೆಗೆ ಶುರುವಾಗುತ್ತಿದ್ದ ಪಂದ್ಯವನ್ನು 4 ಗಂಟೆಗೆ ತಳ್ಳಿದರು. ಅದರ ಪರಿಣಾಮ ಇಲ್ಲಿ ನಮ್ಮ ಮನೆಗಳ ಸಂಜೆಯ ಮೇಲಾಯಿತು. ಮೊದಲೆಲ್ಲ ಫೈನಲ್ ಎಂದರೆ ಆರೂವರೆ. ದೇವರಿಗೆ ದೀಪ ಹಚ್ಚಿ, ಕುಕ್ಕರ್ ಒಲೆಯ ಮೇಲಿಡುವ ಹೊತ್ತು. ಅಡುಗೆಮನೆಯಲ್ಲಿದ್ದವರು ಒಂದು ಕಿವಿಯನ್ನು ಟೀವಿಯ ಕಡೆ ಬಿಟ್ಟು, ಚಪ್ಪಾಳೆ ಜೋರಾದಾಗ ಸೌಟು ಹಿಡಿದುಕೊಂಡೇ ಹಜಾರಕ್ಕೆ ಬಂದು ನೋಡಿ ಹೋಗುತ್ತಿದ್ದರು. ಈಗ ಎಂಟೂವರೆ. ಊಟ ಮುಗಿದಿರುತ್ತದೆ, ಪಾತ್ರೆ ತೊಳೆದಿರುತ್ತದೆ, ಮನೆಮಂದಿಯೆಲ್ಲ ಒಟ್ಟಿಗೆ ಕೂರುತ್ತಾರೆ. ಒಟ್ಟಿಗೆ ಕೂತ ಮೇಲೆ ಮಾತು ಬರದೆ ಇರುತ್ತದೆಯೇ?

ನಾನು ರ‍್ಯಾಕೆಟ್ ಹಿಡಿದು ಆಡಿದವಳಲ್ಲ. ವರ್ಷವಿಡೀ ಊರೂರು ಸುತ್ತುವ ಟೂರ್‌ನ ಲೆಕ್ಕ ಇಟ್ಟುಕೊಂಡವಳೂ ಅಲ್ಲ. ಜೂನ್ ತಿಂಗಳ ಕೊನೆಗೆ ಮೈಸೂರಿನಲ್ಲಿ ಮೋಡ ಕವಿದುಕೊಳ್ಳುವಾಗ ಎರಡು ವಾರ ವಿಂಬಲ್ಡನ್ ನೋಡುತ್ತೇನೆ, ನೋಡುತ್ತ ಮಾತಾಡುತ್ತೇನೆ. ಈ ಆಟವನ್ನು ಹೀಗೆ ನೋಡುವವರು ನಮ್ಮ ನಾಡಿನಲ್ಲಿ ಬಹಳ ಜನ ಇದ್ದಾರೆ. ಬ್ಯಾಕ್‌ಹ್ಯಾಂಡ್ ಸ್ಲೈಸ್ ಯಾವಾಗ ಹೊಡೆಯಬೇಕು ಎನ್ನುವುದು ನಮಗೆ ಗೊತ್ತಿಲ್ಲ, ಆದರೆ ಹೊಡೆದವನ ಮುಖ ಯಾಕೆ ಸಪ್ಪಗಾಯಿತು ಎಂದು ಗೊತ್ತಾಗುತ್ತದೆ. ಆಟ ಬಲ್ಲವರು ನಮ್ಮ ಮಾತನ್ನು ಹರಟೆ ಎಂದು ಬದಿಗಿಡುತ್ತಾರೆ. ನನಗೋ, ಟೆನಿಸ್ ಇಂಥ ಹರಟೆಗೆಂದೇ ಜಾಗ ಬಿಟ್ಟುಕೊಂಡು ಕಟ್ಟಿದ ಆಟ ಅನ್ನಿಸುತ್ತದೆ.

ನಿಯಮವನ್ನೇ ನೋಡಿ. ಒಂದು ಪಾಯಿಂಟ್ ಮುಗಿದ ಮೇಲೆ ಮುಂದಿನ ಸರ್ವ್ ಮಾಡಲು 25 ಸೆಕೆಂಡು. ಅಂಗಳದ ಬದಿ ಬದಲಾಯಿಸುವಾಗ 90 ಸೆಕೆಂಡು. ಸೆಟ್ ಮುಗಿದರೆ ಎರಡು ನಿಮಿಷ. ನಾಲ್ಕು ಗಂಟೆಯ ಪಂದ್ಯದಲ್ಲಿ ಚೆಂಡು ಓಡಾಡುವ ಹೊತ್ತಿಗಿಂತ ಓಡಾಡದ ಹೊತ್ತೇ ಹೆಚ್ಚು. ಫುಟ್‌ಬಾಲ್ ನೋಡುವಾಗ ಪಕ್ಕದವರ ಕಡೆ ತಿರುಗಿದರೆ ಗೋಲು ತಪ್ಪಿಹೋಗುತ್ತದೆ. ಕ್ರಿಕೆಟ್ಟಿನಲ್ಲಿ ಬಿಡುವಿದೆ ನಿಜ, ಆದರೆ ಅಲ್ಲಿ ಪ್ರತಿಯೊಬ್ಬರೂ ಗಲ್ಲಿಯಲ್ಲಿ ಆಡಿ ಬೆಳೆದವರು, ಪ್ರತಿಯೊಬ್ಬರಿಗೂ ಆಗಲೇ ತೀರ್ಮಾನವಾಗಿರುತ್ತದೆ. ಟೆನಿಸ್ ಮುಂದೆ ಕೂತಾಗ ಮಾತು ಹೆಚ್ಚಾಗಿ ಪ್ರಶ್ನೆಯಿಂದ ಶುರುವಾಗುತ್ತದೆ. 25 ಸೆಕೆಂಡಿನಲ್ಲಿ ಒಂದು ಪ್ರಶ್ನೆ, ಅದಕ್ಕೊಂದು ಉತ್ತರ ಸರಿಯಾಗಿ ಹಿಡಿಯುತ್ತದೆ. ‘ಸರ್ವ್ ಮಾಡೋಕೆ ಮುಂಚೆ ಯಾಕೆ ಅಷ್ಟು ಸಲ ಚೆಂಡು ಕುಟ್ತಾನೆ?’ ‘ಮನಸ್ಸು ನಿಲ್ಲಿಸ್ಕೊಳ್ಳೋಕೆ, ದೊಡ್ಡಮ್ಮ.’ ಅಷ್ಟರಲ್ಲಿ ಅಂಪೈರ್ ಸುಮ್ಮನಿರಿ ಎನ್ನುತ್ತಾರೆ. ಸೆಂಟರ್ ಕೋರ್ಟಿನ ಹದಿನೈದು ಸಾವಿರ ಜನ ಗಪ್‌ಚುಪ್ ಆಗುತ್ತಾರೆ, ಅವರೊಂದಿಗೆ ಇಲ್ಲಿ ನಮ್ಮ ಹಜಾರವೂ ಸುಮ್ಮನಾಗುತ್ತದೆ. ಲಂಡನ್ನಿಗೆ ನಮ್ಮ ದನಿ ಕೇಳುವುದಿಲ್ಲ ಎಂದು ಗೊತ್ತಿದ್ದೂ ನಾವು ಪಿಸುದನಿಗೆ ಇಳಿಯುತ್ತೇವೆ. ಆಟಗಾರನ ಏಕಾಗ್ರತೆಗೆ ಇಷ್ಟು ದೂರದಿಂದ ಕೊಡುವ ಮರ್ಯಾದೆ ಅದು, ಮತ್ತು ಅದು ನನಗೆ ತುಂಬ ಇಷ್ಟ.

ದೊಡ್ಡಮ್ಮ ಕೇಳುವ ಇನ್ನೊಂದು ಪ್ರಶ್ನೆ: ‘ಈಗ ಯಾರು ಗೆಲ್ತಿರೋದು?’ ಟೆನಿಸ್‌ನಲ್ಲಿ ಇದಕ್ಕಿಂತ ಕಷ್ಟದ ಪ್ರಶ್ನೆ ಇಲ್ಲ. ಒಬ್ಬ ಎರಡು ಸೆಟ್ ಮುಂದಿರುತ್ತಾನೆ, ಆದರೆ ಮೂರನೆಯದರಲ್ಲಿ ಸರ್ವ್ ಕಳೆದುಕೊಂಡಿರುತ್ತಾನೆ, ಕಾಲೆಳೆಯುತ್ತಿರುತ್ತಾನೆ, ಎದುರಿನವನ ಕಣ್ಣಲ್ಲಿ ಬೆಳಕು ಬಂದಿರುತ್ತದೆ. ಅಂಕಪಟ್ಟಿ ಒಂದು ಹೇಳುತ್ತದೆ, ಮೈ ಇನ್ನೊಂದು ಹೇಳುತ್ತದೆ. 2024ರ ಜೂನ್‌ನಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಘಟಿಕೋತ್ಸವದಲ್ಲಿ ರೋಜರ್ ಫೆಡರರ್ ತಮ್ಮದೇ ಲೆಕ್ಕ ಬಿಚ್ಚಿಟ್ಟರು. ಅವರು ಆಡಿದ ಸಿಂಗಲ್ಸ್ ಪಂದ್ಯಗಳು 1,526. ಅದರಲ್ಲಿ ಗೆದ್ದದ್ದು ಹೆಚ್ಚುಕಡಿಮೆ ಶೇ 80. ಆದರೆ ಗೆದ್ದ ಪಾಯಿಂಟ್‌ಗಳು ಶೇ 54 ಮಾತ್ರ. ಅಷ್ಟು ದೊಡ್ಡ ಆಟಗಾರನೂ ಎರಡು ಪಾಯಿಂಟ್‌ನಲ್ಲಿ ಹತ್ತಿರಹತ್ತಿರ ಒಂದನ್ನು ಸೋಲುತ್ತಲೇ ಬಂದವರು. ಕಳೆದ ಪಾಯಿಂಟನ್ನು ಅಲ್ಲೇ ಬಿಟ್ಟು ಮುಂದಿನದಕ್ಕೆ ಹೋಗುವುದನ್ನು ಕಲಿಯಬೇಕು ಎಂದು ಅವರು ಆ ಹುಡುಗರಿಗೆ ಹೇಳಿದರು.

ಹಾಗೆಂದ ಫೆಡರರ್‌ಗೆ ಬಿಟ್ಟು ಹೋಗಲಾಗದ ಎರಡು ಪಾಯಿಂಟ್‌ಗಳು ಇದ್ದೇ ಇವೆ ಎಂದು ನನ್ನ ಊಹೆ. 2019ರ ಜುಲೈ 14. ನೊವಾಕ್ ಜೊಕೊವಿಚ್ ಎದುರಿನ ಫೈನಲ್, ಐದನೇ ಸೆಟ್ಟಿನಲ್ಲಿ 8-7, 40-15, ಸರ್ವ್ ಫೆಡರರ್ ಕೈಯಲ್ಲಿ. ಒಂದು ಪಾಯಿಂಟ್ ಸಾಕಿತ್ತು. ಎರಡೂ ಹೋದವು. ಕೊನೆಗೆ 12-12ರಲ್ಲಿ ಟೈಬ್ರೇಕ್ ಆಡಿಸಿದರು, 4 ಗಂಟೆ 57 ನಿಮಿಷದ ಪಂದ್ಯವನ್ನು ಜೊಕೊವಿಚ್ ಗೆದ್ದರು. ಒಟ್ಟು ಪಾಯಿಂಟ್ ಎಣಿಸಿದರೆ ಫೆಡರರ್ 218, ಜೊಕೊವಿಚ್ 204. ಮೂರು ಟೈಬ್ರೇಕ್‌ಗಳನ್ನೂ ಗೆದ್ದವರು ಜೊಕೊವಿಚ್. ಹೆಚ್ಚು ಪಾಯಿಂಟ್ ಗೆದ್ದವನು ಸೋತ ಎಂದರೆ ಆಟದ ಲೆಕ್ಕ ತಪ್ಪು ಎಂದು ಚಿಕ್ಕಪ್ಪ ಇವತ್ತಿಗೂ ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ಯಾವ ಪಾಯಿಂಟ್ ಯಾವಾಗ ಗೆಲ್ಲಬೇಕು ಎನ್ನುವುದೂ ಆಟವೇ.

ಆ ಭಾನುವಾರವನ್ನು ನಮ್ಮ ಕಡೆ ಮರೆಯಲಾಗದ್ದಕ್ಕೆ ಇನ್ನೊಂದು ಕಾರಣ ಇದೆ. ಅದೇ ಹೊತ್ತಿಗೆ ಅದೇ ಲಂಡನ್ನಿನ ಲಾರ್ಡ್ಸ್‌ನಲ್ಲಿ ಇಂಗ್ಲೆಂಡ್-ನ್ಯೂಜಿಲೆಂಡ್ ವಿಶ್ವಕಪ್ ಕ್ರಿಕೆಟ್ ಫೈನಲ್ ನಡೆಯುತ್ತಿತ್ತು. ಭಾರತ ನಾಲ್ಕು ದಿನ ಮುಂಚೆ ಸೆಮಿಫೈನಲ್‌ನಲ್ಲಿ ಸೋತಿತ್ತು, ಧೋನಿಯ ರನೌಟ್ ಇನ್ನೂ ಎಲ್ಲರ ಎದೆಯಲ್ಲಿ ಹಸಿಯಾಗಿತ್ತು. ಕ್ರಿಕೆಟ್ ಬೇಡ ಎಂದು ಟೆನಿಸ್ ಹಾಕಿದ ಮನೆಗಳಲ್ಲೂ ರಿಮೋಟ್ ಸುಮ್ಮನಿರಲಿಲ್ಲ. ಅಲ್ಲಿ ಸೂಪರ್ ಓವರ್, ಇಲ್ಲಿ ಟೈಬ್ರೇಕ್. ನಡುರಾತ್ರಿಯ ಹೊತ್ತಿಗೆ ಎರಡೂ ಮುಗಿದವು. ಎರಡರಲ್ಲೂ ಸೋತವರು ಗೆದ್ದವರಿಗಿಂತ ಕಡಿಮೆ ಆಡಿರಲಿಲ್ಲ.

ಟೆನಿಸ್ ಅಂಕದ ಕ್ರಮ ಅಪ್ಪಟ ಆಟಗಾರರಿಗಿಂತ ನಮ್ಮಂಥವರ ಮೇಲೆ ಹೆಚ್ಚು ದಯೆ ತೋರುತ್ತದೆ. ಪ್ರತಿ ಸೆಟ್ ಸೊನ್ನೆಯಿಂದ ಶುರು. ನೀವು ತರಕಾರಿ ತರಲು ಹೋಗಿದ್ದು, ಎರಡು ಸೆಟ್ ತಪ್ಪಿಸಿಕೊಂಡು ಬಂದರೂ ಪಂದ್ಯ ಇನ್ನೂ ಪೂರ್ತಿ ಇರಬಹುದು. ಗಡಿಯಾರ ನೋಡಿಕೊಂಡು ಕಾಲ ಕಳೆದು ಗೆಲ್ಲುವ ಉಪಾಯ ಇಲ್ಲಿ ಯಾರಿಗೂ ಇಲ್ಲ. ಕೊನೆಯ ಪಾಯಿಂಟನ್ನು ಕೈಯಾರೆ ಗೆಲ್ಲಲೇಬೇಕು. 2025ರ ಜೂನ್ 8ರಂದು ಪ್ಯಾರಿಸ್‌ನ ಆವೆಮಣ್ಣಿನ ಅಂಗಳದಲ್ಲಿ ಯಾನಿಕ್ ಸಿನ್ನರ್ ಎರಡು ಸೆಟ್ ಮುಂದಿದ್ದರು, ನಾಲ್ಕನೆಯದರಲ್ಲಿ ಮೂರು ಚಾಂಪಿಯನ್‌ಷಿಪ್ ಪಾಯಿಂಟ್ ಇದ್ದವು. ಕಾರ್ಲೋಸ್ ಅಲ್ಕರಾಜ್ ಮೂರನ್ನೂ ಉಳಿಸಿಕೊಂಡು, 5 ಗಂಟೆ 29 ನಿಮಿಷ ಆಡಿ ಕಪ್ ಎತ್ತಿದರು. ಫ್ರೆಂಚ್ ಓಪನ್ ಫೈನಲ್‌ಗಳಲ್ಲಿ ಅಷ್ಟು ದೀರ್ಘವಾದದ್ದು ಅದುವರೆಗೆ ಇರಲಿಲ್ಲ. ಹಾಗಾಗಿ ಆ ವರ್ಷದ ವಿಂಬಲ್ಡನ್ ಶುರುವಾಗುವಾಗ ನಮ್ಮ ಮನೆಯ ಮಾತೆಲ್ಲ ಒಂದೇ ಸುತ್ತ: ಅಂಥ ಸೋಲು ಸೋತ ಹುಡುಗ ಮೂರು ವಾರದಲ್ಲಿ ಎದ್ದು ನಿಲ್ಲುತ್ತಾನೋ ಇಲ್ಲವೋ.

ಫೈನಲ್‌ಗಿಂತ ಮೊದಲ ವಾರವೇ ಮಾತಿಗೆ ಹೆಚ್ಚು ಒದಗುತ್ತದೆ. ಮಧ್ಯಾಹ್ನ ಮೂರೂವರೆಗೆ ಹೊರಗಿನ ಅಂಗಳಗಳಲ್ಲಿ, ಸಂಜೆ ಆರಕ್ಕೆ ಸೆಂಟರ್ ಕೋರ್ಟಿನಲ್ಲಿ ಆಟ. ಹೆಸರೇ ಕೇಳದವರು ಒಂದು ಗಂಟೆಯಲ್ಲಿ ನಮ್ಮವರಾಗುತ್ತಾರೆ. 2025ರಲ್ಲಿ ಆಲಿವರ್ ಟಾರ್ವೆಟ್ ಎಂಬ ಇಂಗ್ಲೆಂಡಿನ ಹುಡುಗ ಅಮೆರಿಕದ ಸ್ಯಾನ್ ಡಿಯಾಗೊ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ. ರ‍್ಯಾಂಕಿಂಗ್ 733. ಅರ್ಹತಾ ಸುತ್ತು ದಾಟಿ ಬಂದು, ಮೊದಲ ಸುತ್ತನ್ನೂ ಗೆದ್ದು, ಅಲ್ಕರಾಜ್ ಎದುರು ಸೆಂಟರ್ ಕೋರ್ಟಿನಲ್ಲಿ ನಿಂತ. ಎರಡನೇ ಸುತ್ತು ತಲುಪಿದವರಿಗೆ 99 ಸಾವಿರ ಪೌಂಡ್. ಆದರೆ ಅಮೆರಿಕದ ಕಾಲೇಜು ಕ್ರೀಡೆಯ ಆಗಿನ ನಿಯಮದಂತೆ ಅವನು ಖರ್ಚು ಕಳೆದು 10 ಸಾವಿರ ಡಾಲರ್‌ಗಿಂತ ಹೆಚ್ಚು ಮುಟ್ಟುವಂತಿರಲಿಲ್ಲ. ಈ ಸುದ್ದಿ ನಮ್ಮ ಮನೆಯಲ್ಲಿ ಒಂದಿಡೀ ಸಂಜೆ ಓಡಿತು. ಇಂಜಿನಿಯರಿಂಗ್ ಓದುವ ಮಗಳ ಫೀಸು ಕಟ್ಟುವ ಅಕ್ಕನಿಗಂತೂ ಸಂಕಟ. ‘ದುಡಿದಿದ್ದು ಅವನು ತಾನೇ? ಫೀಸಿಗಾದ್ರೂ ಇಟ್ಕೊಳ್ಳೋಕೆ ಬಿಡಬಾರದಾ?’ ಎಂದು ಪದೇಪದೇ ಕೇಳಿದಳು. ಅವಳದೇ ಸರಿ ಎಂದು ನನಗೂ ಅನ್ನಿಸಿತು. ಕಾಲೇಜು ಆಟಗಾರರು ಅದಕ್ಕಿಂತ ಹೆಚ್ಚು ಬಹುಮಾನದ ಹಣ ಮುಟ್ಟಬಾರದೆಂಬ ಆ ನಿಯಮ ಯಾರನ್ನು ಕಾಯುತ್ತಿತ್ತು ಎಂದು ಎಷ್ಟು ಯೋಚಿಸಿದರೂ ನನಗೆ ತಿಳಿಯಲಿಲ್ಲ.

ಆ ವರ್ಷದ ಮೊದಲ ದಿನ ಲಂಡನ್ನಿನಲ್ಲಿ ಬೆಂಕಿಯಂಥ ಬಿಸಿಲು. 38 ವರ್ಷದ ಫಾಬಿಯೊ ಫೊಗ್ನಿನಿ ತಮ್ಮ ಕೊನೆಯ ವಿಂಬಲ್ಡನ್‌ನಲ್ಲಿ ಅಲ್ಕರಾಜ್‌ರನ್ನು ಐದು ಸೆಟ್‌ಗಳಿಗೆ ಎಳೆದರು. ನಡುವೆ ಪ್ರೇಕ್ಷಕರೊಬ್ಬರು ಬಿಸಿಲಿಗೆ ಕುಸಿದಾಗ ಅಲ್ಕರಾಜ್ ನೀರಿನ ಬಾಟಲಿ ಹಿಡಿದು ಅತ್ತ ಓಡಿದರು. ಅವತ್ತಿನ ಸ್ಕೋರ್ ನಮ್ಮಲ್ಲಿ ಯಾರಿಗೂ ನೆನಪಿಲ್ಲ; ಆ ಓಟ ನೆನಪಿದೆ.

ಲಂಡನ್ನಿನಲ್ಲಿ ಕೆಲಸದಲ್ಲಿರುವ ನನ್ನ ತಮ್ಮ ಟಿಕೆಟ್ಟಿಗಾಗಿ ವಿಂಬಲ್ಡನ್ ಪಾರ್ಕಿನ ಸಾಲಿನಲ್ಲಿ ನಿಂತವನು. ಮುಂಗಡ ಟಿಕೆಟ್ ಸಿಗದವರಿಗೂ ಅದೇ ದಿನ ಒಳಗೆ ಹೋಗುವ ದಾರಿ ಅದು. ಸಾಲು ಸೇರಿದ ಕೂಡಲೆ ಸಂಖ್ಯೆ ಬರೆದ ಒಂದು ಚೀಟಿ ಕೊಡುತ್ತಾರೆ, ಜಾಗ ಹೋಗುವ ಭಯವಿಲ್ಲ. ಹಿಂದಿನ ರಾತ್ರಿಯೇ ಟೆಂಟ್ ಹಾಕಿ ಮಲಗುವವರಿದ್ದಾರೆ. ಮುಂದೆ ಇದ್ದವರಿಗೆ ದೊಡ್ಡ ಅಂಗಳಗಳ ಟಿಕೆಟ್, ಉಳಿದವರಿಗೆ ಆವರಣದ ಪಾಸು. ಪಾಸಿನವರು ಒಂದನೇ ನಂಬರ್ ಕೋರ್ಟಿನ ಹೊರಗಿನ ಇಳಿಜಾರು ಹುಲ್ಲಿನ ಮೇಲೆ ಕೂತು ದೊಡ್ಡ ಪರದೆ ನೋಡುತ್ತಾರೆ. ಹೆನ್ಮನ್ ಹಿಲ್ ಎಂದು ಅದಕ್ಕೆ ಹೆಸರು, ಟಿಮ್ ಹೆನ್ಮನ್ ಆಡುತ್ತಿದ್ದ ಕಾಲದಲ್ಲಿ ಜನ ಅಲ್ಲಿ ತುಂಬಿಕೊಳ್ಳುತ್ತಿದ್ದರಂತೆ. ಕೈಯಲ್ಲಿ ಸ್ಟ್ರಾಬೆರಿ ಮತ್ತು ಕ್ರೀಮ್. 2010ರಿಂದ 2.50 ಪೌಂಡ್‌ನಲ್ಲೇ ನಿಂತಿದ್ದ ಅದರ ಬೆಲೆ 2025ರಲ್ಲಿ 2.70 ಆಯಿತು, ಅದೂ ಅಲ್ಲಿ ದೊಡ್ಡ ಸುದ್ದಿ. ತಮ್ಮ ಫೋನಿನಲ್ಲಿ ಹೇಳುವುದು ಆಟದ ಬಗ್ಗೆ ಕಡಿಮೆ. ಸಾಲಿನಲ್ಲಿ ಮುಂದೆ ನಿಂತ ನಿವೃತ್ತ ಮೇಷ್ಟ್ರು, ಹಿಂದೆ ನಿಂತ ಪೋಲೆಂಡಿನ ನರ್ಸ್, ಅವರು ಹಂಚಿಕೊಂಡ ಬಿಸ್ಕತ್ತು, ಅವರೊಂದಿಗೆ ಬೆಳಗಿನವರೆಗೆ ನಡೆದ ಮಾತು. ಮನೆಯಲ್ಲಿ ನಾವು ಮಾಡುವುದನ್ನೇ ಅಲ್ಲಿ ಅಪರಿಚಿತರು ಮಾಡುತ್ತಾರೆ.

ಆ ವರ್ಷ ಅಂಗಳದಲ್ಲಿ ಒಂದು ಗುಂಪು ಮಾತ್ರ ಕಾಣಲಿಲ್ಲ. ಗೆರೆಯ ಹಿಂದೆ ಬಾಗಿ ನಿಂತು ‘ಔಟ್’ ಎಂದು ಕೂಗುತ್ತಿದ್ದ ಲೈನ್ ಜಡ್ಜ್‌ಗಳು. 1877ರಿಂದ ನಡೆದುಬಂದ ಟೂರ್ನಿಯಲ್ಲಿ ಮೊದಲ ಬಾರಿಗೆ ಅವರ ಬದಲು ಕ್ಯಾಮೆರಾ ಮತ್ತು ಮುದ್ರಿತ ದನಿ ಬಂತು. ಆಟಗಾರರಿಗೆ ನಿಖರತೆ ಸಿಗಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ನಾಲ್ಕನೇ ಸುತ್ತಿನಲ್ಲಿ ಅನಸ್ತಾಸಿಯಾ ಪಾವ್ಲ್ಯುಚೆಂಕೋವಾ ಮತ್ತು ಸೊನಾಯ್ ಕಾರ್ಟಲ್ ಆಡುತ್ತಿದ್ದಾಗ ಚೆಂಡು ಗೆರೆ ದಾಟಿ ಬಿದ್ದರೂ ದನಿ ಬರಲಿಲ್ಲ. ಅಂಗಳದ ಒಂದು ಬದಿಯ ವ್ಯವಸ್ಥೆಯನ್ನು ಯಾರೋ ಕೈತಪ್ಪಿ ಆರಿಸಿಬಿಟ್ಟಿದ್ದರು. ಅಂಪೈರ್ ಪಾಯಿಂಟನ್ನು ಮತ್ತೆ ಆಡಿಸಿದರು, ಪಾವ್ಲ್ಯುಚೆಂಕೋವಾ ಆ ಗೇಮ್ ಸೋತರು, ಪಂದ್ಯವನ್ನು ಗೆದ್ದರು. ಟೂರ್ನಿ ನಡೆಸುವ ಕ್ಲಬ್ಬಿನವರು ಕ್ಷಮೆ ಕೇಳಿ ಹಾಗೆ ಆರಿಸಲಾಗದಂತೆ ವ್ಯವಸ್ಥೆ ಬದಲಿಸಿದರು. ದೊಡ್ಡಮ್ಮ ಅವತ್ತು ಕೇಳಿದ್ದು ನನ್ನನ್ನು ಹಿಡಿದು ನಿಲ್ಲಿಸಿತು: ‘ಅಷ್ಟು ವರ್ಷ ಬಾಗಿ ನಿಂತಿದ್ದೋರೆಲ್ಲ ಈಗ ಏನು ಮಾಡ್ತಿದಾರೆ?’ ಬಿಸಿಲಲ್ಲಿ, ಗಂಟೆಗೆ ಇನ್ನೂರು ಕಿಲೋಮೀಟರ್ ವೇಗದ ಚೆಂಡಿನ ಎದುರು ಕಣ್ಣು ರೆಪ್ಪೆ ಮಿಟುಕಿಸದೆ ನಿಲ್ಲುವ ವಿದ್ಯೆ ಅವರದು. ಅದನ್ನು ಅವರು ವರ್ಷಗಟ್ಟಲೆ ಕಲಿತದ್ದು, ಬಹುಪಾಲು ಆಟದ ಮೇಲಿನ ಪ್ರೀತಿಗಾಗಿ.

ಕನ್ನಡದ ಮನೆಯಲ್ಲಿ ಟೆನಿಸ್ ಮಾತು ಬಂದರೆ ರೋಹನ್ ಬೋಪಣ್ಣ ಬಾರದೆ ಮುಗಿಯುವುದಿಲ್ಲ. ಅವರು ಡಬಲ್ಸ್ ಆಟಗಾರ ಎನ್ನುವುದು ನನ್ನ ಮಟ್ಟಿಗೆ ದೊಡ್ಡ ಸಂಗತಿ. ಸಿಂಗಲ್ಸ್‌ನಲ್ಲಿ ನಿಂತವರು ಒಬ್ಬಂಟಿ. ಡಬಲ್ಸ್‌ನಲ್ಲಿ ಅಂಗಳದ ಒಳಗೇ ಮಾತು ಇದೆ. ಪ್ರತಿ ಪಾಯಿಂಟಿನ ನಂತರ ಇಬ್ಬರೂ ಹತ್ತಿರ ಬರುತ್ತಾರೆ, ಚೆಂಡನ್ನೋ ಕೈಯನ್ನೋ ಬಾಯಿಗೆ ಅಡ್ಡ ಹಿಡಿದು ಏನೋ ಹೇಳಿಕೊಳ್ಳುತ್ತಾರೆ, ನೆಟ್ ಹತ್ತಿರ ನಿಂತವನು ಬೆನ್ನ ಹಿಂದೆ ಬೆರಳು ಮಡಚಿ ಸನ್ನೆ ಮಾಡುತ್ತಾನೆ. ಪಾಯಿಂಟ್ ಕಳೆದರೂ ಅಂಗೈಗೆ ಅಂಗೈ ತಟ್ಟುತ್ತಾರೆ. ಹೊಸದಾಗಿ ನೋಡುವವರಿಗೆ ನಾನು ಯಾವಾಗಲೂ ಡಬಲ್ಸ್‌ನಿಂದ ಶುರುಮಾಡಿ ಎನ್ನುತ್ತೇನೆ. ಪಾಯಿಂಟ್‌ಗಳು ಚಿಕ್ಕವು, ಕೈಚಳಕ ಕಣ್ಣಿಗೆ ಕಾಣುತ್ತದೆ, ಇಬ್ಬರ ನಡುವಿನ ಸಂಬಂಧ ಅರ್ಥವಾಗಲು ಯಾವ ತಾಂತ್ರಿಕ ಜ್ಞಾನವೂ ಬೇಡ. ಟೀವಿಯವರು ಡಬಲ್ಸನ್ನು ಇಷ್ಟು ಕಡಿಮೆ ತೋರಿಸುವುದು ಅನ್ಯಾಯ.

1980ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ ಕೊಡಗಿನ ಕಾಫಿ ತೋಟದ ನಡುವೆ ಬೆಳೆದವರು ಬೋಪಣ್ಣ. 2010ರಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆ ಅಮೆರಿಕ ಓಪನ್ ಫೈನಲ್ ಆಡಿದಾಗ ವಿಶ್ವಸಂಸ್ಥೆಯಲ್ಲಿದ್ದ ಎರಡೂ ದೇಶಗಳ ರಾಯಭಾರಿಗಳು ಅಕ್ಕಪಕ್ಕ ಕೂತು ನೋಡಿದ್ದರು. ಬ್ರಯಾನ್ ಸೋದರರ ಎದುರು ಆ ಫೈನಲ್ ಕೈತಪ್ಪಿತು. ವಿಂಬಲ್ಡನ್‌ನಲ್ಲಿ 2013, 2015, 2023, ಮೂರು ಸಲ ಸೆಮಿಫೈನಲ್‌ವರೆಗೆ ಬಂದು ನಿಂತರು. ಮೊಣಕಾಲಿನ ಮೃದ್ವಸ್ಥಿ ಸವೆದುಹೋಗಿ ನೋವು ಕಾಡುತ್ತಿದ್ದಾಗ ಅಯ್ಯಂಗಾರ್ ಯೋಗ ತಮ್ಮನ್ನು ಉಳಿಸಿತು ಎಂದು ಅವರು ಹೇಳಿಕೊಂಡಿದ್ದಾರೆ. ಆ ಯೋಗಪದ್ಧತಿಯ ಬಿ.ಕೆ.ಎಸ್. ಅಯ್ಯಂಗಾರ್ ಕೋಲಾರ ಜಿಲ್ಲೆಯ ಬೆಳ್ಳೂರಿನವರು. ಕೊನೆಗೆ 2024ರ ಜನವರಿ 27ರಂದು ಮೆಲ್ಬರ್ನ್‌ನಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯಾ ಓಪನ್ ಪುರುಷರ ಡಬಲ್ಸ್ ಕಪ್ ಎತ್ತಿದಾಗ ಅವರಿಗೆ 43 ವರ್ಷ. ಪುರುಷರ ಡಬಲ್ಸ್‌ನಲ್ಲಿ ಅದು ಅವರ ಮೊದಲ ಗ್ರ್ಯಾನ್ ಸ್ಲಾಮ್. ಅದೇ ಟೂರ್ನಿಯ ಬಲದಿಂದ ಡಬಲ್ಸ್‌ನಲ್ಲಿ ವಿಶ್ವದ ಒಂದನೇ ಸ್ಥಾನಕ್ಕೂ ಏರಿದರು. ಅವತ್ತು ಟೆನಿಸ್ ಎಂದರೆ ಏನೆಂದೇ ಕೇಳದ ನೆಂಟರಿಂದಲೂ ಫೋನ್ ಬಂತು. ‘ನಮ್ಮ ಕೊಡಗಿನ ಹುಡುಗ ಗೆದ್ದನಂತೆ!’ 43ರ ಬೋಪಣ್ಣ ಅವರ ಬಾಯಲ್ಲಿ ಹುಡುಗನಾಗಿಯೇ ಇದ್ದರು. 2025ರ ನವೆಂಬರ್‌ನಲ್ಲಿ ಅವರು ಆಟಕ್ಕೆ ವಿದಾಯ ಹೇಳಿದರು.

ಮತ್ತೆ 2025ರ ವಿಂಬಲ್ಡನ್‌ಗೆ ಬರುತ್ತೇನೆ. ಸಿನ್ನರ್ ನಾಲ್ಕನೇ ಸುತ್ತಿನಲ್ಲೇ ಮನೆಗೆ ಹೋಗಬೇಕಿತ್ತು. ಗ್ರಿಗೊರ್ ಡಿಮಿಟ್ರೊವ್ 6-3, 7-5ರಿಂದ ಎರಡು ಸೆಟ್ ಗೆದ್ದಿದ್ದರು, ಮೂರನೆಯದರಲ್ಲಿ 2-2. ಏಸ್ ಹೊಡೆದ ಮರುಗಳಿಗೆ ಎದೆ ಹಿಡಿದುಕೊಂಡು ಹುಲ್ಲಿನ ಮೇಲೆ ಕೂತುಬಿಟ್ಟರು. ಎದೆಯ ಸ್ನಾಯು ಹರಿದಿತ್ತು. ಅದಕ್ಕೂ ಮುಂಚಿನ ನಾಲ್ಕು ಗ್ರ್ಯಾನ್ ಸ್ಲಾಮ್‌ಗಳಲ್ಲೂ ಗಾಯದಿಂದ ಅರ್ಧಕ್ಕೇ ಬಿಟ್ಟಿದ್ದ 34ರ ಆಟಗಾರ, ಈ ಸಲ ಜೀವನದ ಅತ್ಯುತ್ತಮ ಆಟ ಆಡುತ್ತಿದ್ದಾಗ. ಸಿನ್ನರ್ ನೆಟ್ ದಾಟಿ ಓಡಿಬಂದು ಪಕ್ಕದಲ್ಲಿ ಕೂತರು, ಹೊರಗೆ ಹೋಗುವಾಗ ಅವರ ಬ್ಯಾಗ್ ಹೊತ್ತರು, ಇದನ್ನು ಗೆಲುವೆಂದು ಎಣಿಸಲಾರೆ ಎಂದರು. ನಮ್ಮಲ್ಲಿ ವಾದ ಹತ್ತಿಕೊಂಡಿತು. ‘ಬರೀ ಅದೃಷ್ಟ’ ಎಂದರು ಚಿಕ್ಕಪ್ಪ. ‘ಬಿದ್ದೋನ ಬ್ಯಾಗು ಹೊತ್ತನಲ್ಲಪ್ಪ, ಅದೂ ಅದೃಷ್ಟಾನಾ?’ ಎಂದರು ದೊಡ್ಡಮ್ಮ. ಸಿನ್ನರ್ ಸೆಮಿಫೈನಲ್‌ನಲ್ಲಿ ಜೊಕೊವಿಚ್‌ರನ್ನು ನೇರ ಸೆಟ್‌ಗಳಲ್ಲಿ ಸೋಲಿಸಿದಾಗ ಚಿಕ್ಕಪ್ಪನ ದನಿ ಸ್ವಲ್ಪ ತಗ್ಗಿತು. ಭಾನುವಾರ ಮೊದಲ ಸೆಟ್ ಕಳೆದುಕೊಂಡರೂ ಅಲ್ಕರಾಜ್ ಎದುರು 4-6, 6-4, 6-4, 6-4ರಿಂದ ಗೆದ್ದು, ವಿಂಬಲ್ಡನ್ ಸಿಂಗಲ್ಸ್ ಗೆದ್ದ ಮೊದಲ ಇಟಲಿಯ ಆಟಗಾರ ಎನಿಸಿದಾಗ ರಾತ್ರಿ ಹನ್ನೊಂದೂವರೆ ದಾಟಿತ್ತು. ಮರುದಿನ ಆಫೀಸಿದ್ದವರೂ ಎದ್ದು ಹೋಗಿರಲಿಲ್ಲ. ಪ್ಯಾರಿಸ್‌ನಲ್ಲಿ ಹೋದದ್ದು ಪ್ಯಾರಿಸ್‌ನಲ್ಲೇ ಉಳಿಯಿತು ಎಂದು ನಾವೆಲ್ಲ ಒಪ್ಪಿದೆವು.

ಆದರೆ ಆ ವಾರಾಂತ್ಯದ ನಿಜವಾದ ಮಾತು ಹಿಂದಿನ ದಿನ, ಶನಿವಾರ ಆಗಿತ್ತು. ಮಹಿಳೆಯರ ಫೈನಲ್‌ನಲ್ಲಿ ಇಗಾ ಶ್ವಾಂಟೆಕ್ 57 ನಿಮಿಷಗಳಲ್ಲಿ ಅಮಂಡಾ ಅನಿಸಿಮೋವಾ ಅವರನ್ನು 6-0, 6-0ರಿಂದ ಸೋಲಿಸಿದರು. ವಿಂಬಲ್ಡನ್ ಮಹಿಳಾ ಫೈನಲ್‌ನಲ್ಲಿ ಒಂದೂ ಗೇಮ್ ಬಿಟ್ಟುಕೊಡದ ಗೆಲುವು 1911ರ ನಂತರ ಅದೇ ಮೊದಲು. ಶ್ವಾಂಟೆಕ್ ಹುಲ್ಲಿನ ಅಂಗಳದಲ್ಲಿ ಅದುವರೆಗೆ ತಡವರಿಸುತ್ತಿದ್ದವರು. ಆ ಎರಡು ವಾರ ಅವರು ಬೇಯಿಸಿದ ಪಾಸ್ತಾಗೆ ಸ್ಟ್ರಾಬೆರಿ ಬೆರೆಸಿ ತಿನ್ನುವುದು ತಮ್ಮ ಬಾಲ್ಯದ ತಿಂಡಿ ಎಂದು ಹೇಳಿ ಜಗತ್ತನ್ನೆಲ್ಲ ಅಡುಗೆಯ ಚರ್ಚೆಗೆ ಎಳೆದಿದ್ದರು. ನಮ್ಮ ಮನೆಯಲ್ಲೂ ಶಾವಿಗೆಗೆ ಹಣ್ಣು ಬೆರೆಸಿದರೆ ಹೇಗೆ ಎಂದು ಯೋಚಿಸಿದ್ದೆವು. ಆ ನಗುಮುಖದ ಹುಡುಗಿ ಅವತ್ತು ಹೆಚ್ಚು ತಪ್ಪು ಮಾಡದೆ ಆಡಿದಳು.

ಎದುರಿಗಿದ್ದ ಅನಿಸಿಮೋವಾ ಅವರ ಸರ್ವ್ ಹಿಡಿತಕ್ಕೆ ಬರಲಿಲ್ಲ, ಕಾಲು ಕದಲಲಿಲ್ಲ. ಎರಡನೇ ಸೆಟ್ 3-0 ಆಗುವ ಹೊತ್ತಿಗೆ ನಮ್ಮ ಹಜಾರದಲ್ಲಿ ಮಾತು ಬಿರುಸಾಯಿತು. ಫೈನಲ್‌ಗೆ ಹೇಗೆ ಬಂದಳು ಇವಳು, ಇದೇನು ಫೈನಲ್ಲಾ, ದುಡ್ಡು ವಾಪಸ್ ಕೊಡಬೇಕು ಟಿಕೆಟ್ ತಗೊಂಡವರಿಗೆ. ಇಂಥ ಮಾತು ಸುಲಭವಾಗಿ ಬರುತ್ತದೆ. ದೊಡ್ಡಮ್ಮ ಮಾತ್ರ ಏನೂ ಹೇಳದೆ ನೋಡುತ್ತಿದ್ದರು. ‘ಆ ಮಗೂಗೆ ಅಮ್ಮ ಬಂದಿದಾರಾ?’ ಎಂದು ಕೇಳಿದರು. ಬಂದಿದ್ದರು. ತಾಯಿ ಅವತ್ತು ಬೆಳಿಗ್ಗೆಯಷ್ಟೇ ವಿಮಾನ ಇಳಿದಿದ್ದರು. ಬಹುಮಾನ ವಿತರಣೆಯಲ್ಲಿ ಅನಿಸಿಮೋವಾ ಆ ಮಾತು ಹೇಳಿ ಅತ್ತರು, ಗೆದ್ದವಳನ್ನು ಮೊದಲು ಹೊಗಳಿದರು, ನಿಂತ ಜಾಗದಿಂದ ಓಡಿಹೋಗಲಿಲ್ಲ.

ಆಮೇಲೆ ನಾವು ಅವರ ಬಗ್ಗೆ ಓದಿದೆವು. 17ನೇ ವಯಸ್ಸಿಗೆ, 2019ರಲ್ಲಿ ಫ್ರೆಂಚ್ ಓಪನ್ ಸೆಮಿಫೈನಲ್. ಅದೇ ಆಗಸ್ಟ್‌ನಲ್ಲಿ ತಂದೆಯ ಸಾವು, ಅವರೇ ಕೋಚ್ ಕೂಡ. 2023ರಲ್ಲಿ ಮನಸ್ಸು ದಣಿದು ತಿಂಗಳುಗಟ್ಟಲೆ ಆಟ ಬಿಟ್ಟರು. ಅಷ್ಟು ದಿನ ಬಿಟ್ಟವರು ಮತ್ತೆ ಮೇಲೆ ಬರಲಾರರು ಎಂದು ಹಲವರು ಅವರಿಗೆ ಹೇಳಿದ್ದರಂತೆ. 2024ರಲ್ಲಿ ವಿಂಬಲ್ಡನ್ ಅರ್ಹತಾ ಸುತ್ತಿನಲ್ಲೇ ಸೋತರು. ಮರುವರ್ಷ ಒಂದನೇ ರ‍್ಯಾಂಕಿನ ಅರಿನಾ ಸಬಲೆಂಕಾ ಅವರನ್ನು ಸೋಲಿಸಿ ಫೈನಲ್‌ಗೆ ಬಂದರು. ಇದನ್ನೆಲ್ಲ ತಿಳಿದ ಮೇಲೆ ಆ 57 ನಿಮಿಷ ಬೇರೆಯಾಗಿ ಕಂಡಿತು. ದೊಡ್ಡಮ್ಮ ಏನನ್ನೂ ಓದದೆ ಅದನ್ನು ಕಂಡಿದ್ದರು.

ನಮ್ಮ ಹಜಾರದ ಬಿರುಸು ಮಾತು ನಮ್ಮ ಹಜಾರದಲ್ಲೇ ಉಳಿಯಿತು, ಯಾರಿಗೂ ತಾಗಲಿಲ್ಲ. ಎಲ್ಲರ ಮಾತೂ ಹಾಗೆ ಉಳಿಯುವುದಿಲ್ಲ. ಮಹಿಳಾ ಟೆನಿಸ್ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ 2025ರ ಜೂನ್‌ನಲ್ಲಿ ಪ್ರಕಟಿಸಿದ ವರದಿಯಂತೆ, 2024ರಲ್ಲಿ 458 ಆಟಗಾರರಿಗೆ ಸಾಮಾಜಿಕ ಜಾಲತಾಣಗಳಲ್ಲಿ ಸುಮಾರು 8,000 ನಿಂದನೆಯ, ಬೆದರಿಕೆಯ ಸಂದೇಶಗಳು ಬಂದಿದ್ದವು. ಅದರಲ್ಲಿ ಶೇ 40ರಷ್ಟು ಬಾಜಿ ಕಟ್ಟಿ ಹಣ ಕಳೆದುಕೊಂಡವರಿಂದ. ಬ್ರಿಟನ್ನಿನ ಆಟಗಾರ್ತಿ ಕೇಟಿ ಬೌಲ್ಟರ್ ತಮಗೆ, ತಮ್ಮ ಮನೆಯವರಿಗೆ ಬಂದ ಕೊಲೆ ಬೆದರಿಕೆಗಳನ್ನು ಬಿಬಿಸಿಗೆ ತೋರಿಸಿದರು. ಪಂದ್ಯ ಮುಗಿಸಿ ಬೆವರು ಒರೆಸಿಕೊಂಡು ಫೋನ್ ತೆರೆದರೆ ಕಾಣುವುದು ಇದು. ಬಾಜಿ ಕಟ್ಟಿದವನು ಆಟ ನೋಡುತ್ತಿಲ್ಲ, ತನ್ನ ಹಣ ನೋಡುತ್ತಿದ್ದಾನೆ. ಅವನಿಗೆ ಎದುರಿಗಿರುವವಳು ಯಾರ ಮಗಳೂ ಅಲ್ಲ. ನನ್ನಂಥ ಬರೀ ನೋಡುವವರ ಗುಂಪಿಗೆ ಅವನನ್ನು ಸೇರಿಸುವುದನ್ನು ನಾನು ಒಪ್ಪುವುದಿಲ್ಲ. ಆದರೆ ನಾವೂ ಫೋನಿನಲ್ಲಿ ಒಂದು ಸಾಲು ಒತ್ತುವ ಮುಂಚೆ, ಇದನ್ನು ಆಕೆಯ ತಾಯಿಯ ಪಕ್ಕ ಕೂತು ಹೇಳುತ್ತಿದ್ದೆವೇ ಎಂದು ಕೇಳಿಕೊಳ್ಳಬೇಕಾದ ಕಾಲ ಇದು.

ಸೆಪ್ಟೆಂಬರ್ ಬಂತು. ನ್ಯೂಯಾರ್ಕಿನಲ್ಲಿ ಅಮೆರಿಕ ಓಪನ್ ಕ್ವಾರ್ಟರ್‌ಫೈನಲ್. ಮತ್ತೆ ಶ್ವಾಂಟೆಕ್, ಎದುರಿಗೆ ಮತ್ತೆ ಅನಿಸಿಮೋವಾ. ಹಿಂದಿನ ರಾತ್ರಿ ಆಕೆ ವಿಂಬಲ್ಡನ್ ಫೈನಲ್‌ನ ವಿಡಿಯೊ ಹಾಕಿಕೊಂಡು, ಎಷ್ಟೇ ನೋವಾದರೂ ನೋಡಿದ್ದರಂತೆ. ಎಲ್ಲಿ ತಪ್ಪಿದ್ದು ಎಂದು ತಿಳಿಯಬೇಕಿತ್ತು. ಮರುದಿನ 6-4, 6-3ರಿಂದ ಗೆದ್ದರು. ಸೆಮಿಫೈನಲ್‌ನಲ್ಲಿ ನವೊಮಿ ಒಸಾಕಾ ಅವರನ್ನೂ ಸೋಲಿಸಿದರು. ಫೈನಲ್‌ನಲ್ಲಿ ಸಬಲೆಂಕಾ ಗೆದ್ದರು, 6-3, 7-6. ಛಾವಣಿ ಮುಚ್ಚಿದ್ದರಿಂದ ಸರ್ವ್ ಮಾಡುವಾಗ ಚೆಂಡೇ ಕಾಣುತ್ತಿರಲಿಲ್ಲ ಎಂದು ಅನಿಸಿಮೋವಾ ಹೇಳಿಕೊಂಡರು. ಛಾವಣಿ ಇಬ್ಬರಿಗೂ ಒಂದೇ ತಾನೇ ಎಂದು ಚಿಕ್ಕಪ್ಪ. ಎತ್ತರದವರಿಗೆ, ಚೆಂಡನ್ನು ಹೆಚ್ಚು ಮೇಲೆ ಎಸೆಯುವವರಿಗೆ ಬೆಳಕು ಬೇರೆಯಾಗಿ ಬೀಳಬಹುದಲ್ಲವೇ ಎಂದು ಅಕ್ಕನ ಮಗಳು. ‘ಹಾಗಾದ್ರೆ ಮುಂದಿನ ಸಲ ಮೆಲ್ಬರ್ನ್‌ನಲ್ಲಿ ಛಾವಣಿ ತೆಗೆದಿರ್ತಾರಾ?’ ಎಂದು ದೊಡ್ಡಮ್ಮ. ಆಸ್ಟ್ರೇಲಿಯಾ ಓಪನ್ ಜನವರಿಯಲ್ಲಿ, ನಮ್ಮಲ್ಲಿ ಬೆಳಗಿನ ಜಾವ ಐದೂವರೆಗೆಲ್ಲ ಆಟ ಶುರುವಾಗಿರುತ್ತದೆ. ಮೊದಲು ಎದ್ದವರು ಹಾಲು ಕಾಯಿಸಿ, ಸ್ಕೋರ್ ನೋಡಿ, ಉಳಿದವರನ್ನು ಎಬ್ಬಿಸಬೇಕು.